ಕೈಗೇ ಕೊಟ್ಟಿದ್ದೆ

ನಮ್ಮ ಕಡೆ ಬಸ್ಸಿನಲ್ಲಿ ಓಡಾಡುವುದು ಜನ ಮಾತ್ರವಲ್ಲ. ಮಿಡಿ ಉಪ್ಪಿನಕಾಯಿ, ಔಷಧಿ, ನೆಂಟರ ಮನೆಯಲ್ಲಿ ಮರೆತುಬಂದ ಕನ್ನಡಕ, ಎಲ್ಲವೂ ಓಡಾಡುತ್ತವೆ. ಕಂಡಕ್ಟರ್ ಕೈಗೆ ಕೊಟ್ಟು, ಚಹಾಕ್ಕೆಂದು ಏನೋ ಒಂದಿಷ್ಟು ಹಿಡಿಸಿ, ಆ ಕಡೆಯವರಿಗೆ ಫೋನ್ ಮಾಡಿದರೆ ಮುಗಿಯಿತು. ಕೈಗೆ ಕೊಡಬೇಕು, ಅದೊಂದೇ ಕಾಯಿದೆ. ಆ ಒಂದನ್ನೂ ನಾನು ಪಾಲಿಸಲಿಲ್ಲ.

ಬಿಳಗಿ ರಸ್ತೆಯಲ್ಲಿರುವ ಮಗನ ಶಾಲೆಯಲ್ಲಿ ಹುಡುಗಿಯರ ಶೌಚಾಲಯಕ್ಕೆ ಬಾಗಿಲಿರಲಿಲ್ಲ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಪಾಲಕರೇ ಸೇರಿ ಕ್ಯಾಲೆಂಡರ್ ಮಾಡಿಸಿ ಮಾರುವುದೆಂದಾಯಿತು. ಮಕ್ಕಳು ಹನ್ನೆರಡು ಚಿತ್ರ ಬರೆದುಕೊಟ್ಟರು. ಅವನ್ನು ಸಿದ್ದಾಪುರದಿಂದ ಶಿರಸಿಯ ಪ್ರೆಸ್ಸಿಗೆ ಮುಟ್ಟಿಸುವ ಕೆಲಸವನ್ನು ಮೈಮೇಲೆ ಹಾಕಿಕೊಂಡವಳು ನಾನು. ಮೊದಲು ಫೋಟೋ ತೆಗೆದಿಟ್ಟುಕೊಳ್ಳೋಣ ಎಂದವರಿಗೆ, "ಎಂತಕ್ಕೆ? ಪ್ರೆಸ್ಸಿನವ್ರೇ ಸ್ಕ್ಯಾನ್ ಮಾಡ್ತಾರಲ್ಲ" ಎಂದು ಬಾಯಿ ಮುಚ್ಚಿಸಿದವಳೂ ನಾನೇ.

ಬಸ್ ಸ್ಟ್ಯಾಂಡಿನಲ್ಲಿ ಶಿರಸಿ ಬಸ್ ನಿಂತಿತ್ತು. ಕಂಡಕ್ಟರ್ ಚಹಾ ಕುಡಿಯಲು ಹೋಗಿದ್ದ. ಬನವಾಸಿ ಕಡೆಯವನು, ಗುರುತಿನವನೇ. ಅವನ ಮಗಳೂ ನಮ್ಮ ಶಾಲೆಯವಳು, ಅವನೂ ಪಾಲಕರ ವಾಟ್ಸಾಪ್ ಗ್ರೂಪಿನಲ್ಲಿದ್ದ. ಐದು ನಿಮಿಷ ಕಾದಿದ್ದರೆ ಬರುತ್ತಿದ್ದ. ಆದರೆ ಮನೆಗೆ ಗ್ಯಾಸ್ ಸಿಲಿಂಡರ್ ಬರುವ ಹೊತ್ತಾಗಿತ್ತು. ಡ್ರೈವರ್ ಪಕ್ಕದ ಬಾನೆಟ್ ಮೇಲೆ ಚಿತ್ರಗಳ ಕಟ್ಟು ಇಟ್ಟು ಬಂದೆ. ಮನೆ ಮುಟ್ಟಿ ಅವನಿಗೊಂದು ಫೋನ್ ಮಾಡಿದರಾಯಿತು ಎಂದುಕೊಂಡವಳು ಅದನ್ನೂ ಮರೆತೆ.

ಸಂಜೆ ಪ್ರೆಸ್ಸಿನವರು ಏನೂ ಬಂದಿಲ್ಲ ಎಂದರು. ಗ್ರೂಪಿನಲ್ಲಿ ಒಬ್ಬರಾದ ಮೇಲೊಬ್ಬರು ಕೇಳತೊಡಗಿದರು: ಯಾವ ಬಸ್ಸು, ಯಾರಿಗೆ ಕೊಟ್ಟಿರಿ, ನೆನಪಿದೆಯಾ? ನನಗೆ ಮೂಗಿನ ತುದಿಯಲ್ಲೇ ಸಿಟ್ಟು. 'ಕಂಡಕ್ಟರ್ ಕೈಗೇ ಕೊಟ್ಟಿದ್ದೆ' ಎಂದು ಬರೆದು ಕಳಿಸಿಬಿಟ್ಟೆ.

ಸ್ವಲ್ಪ ಹೊತ್ತಿಗೆ ಅವನ ಫೋನ್ ಬಂತು. ಜಗಳಕ್ಕೇ ಮಾಡಿದ್ದಾನೆ, ಮಾಡಲಿ, ನಾನೇನು ಕಡಿಮೆಯೇ ಎಂದು ಸೊಂಟ ಕಟ್ಟಿ ನಿಂತೆ.

"ಅಕ್ಕಾರ, ನನಗ ನೆನಪಽ ಆಗವಲ್ದರಿ," ಎಂದ. "ಮುಂಜಾನೆ ಬ್ರೇಕ್ ಸರಿ ಇಲ್ಲಂತ ಬದಲಿ ಬಸ್ ಕೊಟ್ರು. ಮಂದೀನ್ನ ಇಳಿಸಿ ಹತ್ತಿಸೋ ಗದ್ದಲದಾಗ ನಾನಽ ಎಲ್ಲೋ ಬಿಟ್ಟಿರಬೇಕ್ರಿ. ನೀವು ಕೊಟ್ಟೀನಿ ಅಂದ್ರ ಕೊಟ್ಟಿರ್ತೀರಿ."

ಬದಲಿ ಬಸ್ ಎಂದಾಗಲೇ ನನಗೆ ಎಲ್ಲ ತಿಳಿಯಿತು. ಕಟ್ಟು ಕೆಟ್ಟ ಬಸ್ಸಿನಲ್ಲೇ ಉಳಿದಿತ್ತು, ಅವನು ಅದನ್ನು ಕಣ್ಣಿಂದಲೂ ಕಂಡಿರಲಿಲ್ಲ. ಬಾಯಿ ಬಿಡಬೇಕಾದ ಹೊತ್ತು ಅದೇ ಆಗಿತ್ತು. "ಇರಬಹುದು, ಒಂಚೂರು ಹುಡುಕು ಮಾರಾಯ" ಎಂದೆ. ಥೂ, ನನ್ನ ಜನ್ಮಕ್ಕಿಷ್ಟು!

ಅವನು ಹುಡುಕಿದ. ವಾರದ ರಜೆಯ ದಿನ ಶಿರಸಿಗೆ ಹೋಗಿ ವಿಚಾರಿಸಿದ. ರಿಪೇರಿಯಾದ ಬಸ್ಸು ಯಲ್ಲಾಪುರದ ಕಡೆ ಹೋಗಿದೆ ಎಂದು ಯಾರೋ ಹೇಳಿದ್ದಕ್ಕೆ ಅಲ್ಲಿಗೂ ಹೋದ. ಬಸ್ಸು ಸಿಕ್ಕಿತು, ಕಟ್ಟು ಸಿಗಲಿಲ್ಲ. ಅಷ್ಟರಲ್ಲಿ ಊರಲ್ಲಿ, ಅವನ ಕೈಗೆ ಏನೂ ಕೊಡಬೇಡಿ, ಅವನಿಗೆ ಮೈಮೇಲೆ ಎಚ್ಚರವಿಲ್ಲ ಎಂಬ ಮಾತು ಹುಟ್ಟಿಕೊಂಡಿತ್ತು. ಕೇಳಿದಾಗಲೆಲ್ಲ ನಾನು ಬೇರೆ ಮಾತು ತೆಗೆಯುತ್ತಿದ್ದೆ.

ಮಕ್ಕಳು ಮತ್ತೆ ಚಿತ್ರ ಬರೆದರು. ಅವನ ಮಗಳು ಮಾತ್ರ ಬರೆಯಲಿಲ್ಲ. ಮೊದಲ ಸಲ ಅವಳು ಬರೆದದ್ದು ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿರುವ ಅಪ್ಪನನ್ನು. ಟೀಚರ್ ಎಷ್ಟು ಪುಸಲಾಯಿಸಿದರೂ, "ನಾ ಬರಿಯಂಗಿಲ್ಲ, ಅಪ್ಪ ಮತ್ತ ಕಳೀತಾನ" ಎಂದಳಂತೆ, ಇಡೀ ಕ್ಲಾಸಿನೆದುರು. ನನ್ನ ಮಗ ಮನೆಗೆ ಬಂದು ಅದನ್ನೇ ಅಣಕಿಸಿ ನಗುತ್ತಿದ್ದ. ಬೆನ್ನಿಗೊಂದು ಬಾರಿಸಿದೆ. ಪಾಪ, ಆ ಹುಡುಗ ಮಾಡಿದ್ದಾದರೂ ಏನು?

ನಿಜ ಗೊತ್ತಿದ್ದದ್ದು ನನ್ನ ಗಂಡನಿಗೊಬ್ಬನಿಗೆ. "ಹೇಳಿಬಿಡೆ ಮಾರಾಯ್ತಿ," ಎಂದ. "ಅವಂದು ಎಂತ ತಪ್ಪಿಲ್ಲೆ."

"ಹೇಳ್ತೆ. ಕ್ಯಾಲೆಂಡರ್ ಒಂದು ಆಗ್ಲಿ."

ಕ್ಯಾಲೆಂಡರ್ ಆಯಿತು, ಮಾರಾಟವೂ ಆಯಿತು. ಬಾಗಿಲು ಕೂರಿಸಿದ ದಿನ ನನ್ನ ಕೈಯಲ್ಲೇ ಕಾಯಿ ಒಡೆಸಿದರು. ಅವನು ದೂರ ನಿಂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ಅವತ್ತೂ ನಾನು ಹೇಳಲಿಲ್ಲ.

ಮುಂದಿನ ಜೂನ್‌ನಲ್ಲಿ ಅವನಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ಮಗಳನ್ನೂ ಅಲ್ಲಿಯ ಶಾಲೆಗೆ ಹಾಕಿ, ನಮ್ಮ ಗ್ರೂಪು ಬಿಟ್ಟ. ಇನ್ನು ದಿನಾ ಅವನ ಮುಖ ನೋಡುವ ಭಯವಿಲ್ಲ ಎಂದಾದ ಮೇಲೆ ನನಗೆ ಧೈರ್ಯ ಬಂದದ್ದು. ನಡೆದದ್ದನ್ನು ನಡೆದ ಹಾಗೆಯೇ ಬರೆದು ಗ್ರೂಪಿಗೆ ಹಾಕಿದೆ. ಬೈಗುಳಕ್ಕೆ ತಯಾರಾಗಿ ಕೂತಿದ್ದರೆ, ಬಂದದ್ದು ಕೈಮುಗಿದ ಚಿತ್ರಗಳು. ನಿಮ್ಮಂಥ ಪ್ರಾಮಾಣಿಕರು ಈಗ ಎಲ್ಲಿ ಸಿಗುತ್ತಾರೆ ಎಂದು ಒಬ್ಬರು. ದೊಡ್ಡ ಮನಸ್ಸು ಎಂದು ಇನ್ನೊಬ್ಬರು. ಅವನ ಸುದ್ದಿ ಒಬ್ಬರೂ ಎತ್ತಲಿಲ್ಲ. ನಾಚಿಕೆಯಿಂದ ಸತ್ತೇಹೋದೆ.

ಬರೆದದ್ದನ್ನೇ ಅವನ ನಂಬರಿಗೂ ಕಳಿಸಿ, ಕ್ಷಮಿಸು ಎಂದು ಸೇರಿಸಿದೆ. ಉತ್ತರ ಮಾರನೆಯ ದಿನ ಬಂತು, ಅವನದೇ ದನಿಯಲ್ಲಿ, ಹಿಂದೆ ಬಸ್ ಸ್ಟ್ಯಾಂಡಿನ ಗಲಾಟೆ.

"ಮಗಳಿಗೆ ಓದಾಕ ಕೊಟ್ಟಿದ್ನಿರಿ ಅಕ್ಕಾರ. ಎರಡು ಸಲ ಓದಿದ್ಲು. 'ಮತ್ತ ನೀ ಯಾಕಪಾ ನಾನಽ ಕಳದೀನಿ ಅಂದಿ' ಅಂತ ಕೇಳಿದ್ಲು. 'ಅಕ್ಕಾರು ಸುಳ್ಳು ಹೇಳಂಗಿಲ್ಲ ಅಂತ ತಿಳ್ಕೊಂಡಿದ್ನವ್ವಾ' ಅಂದೆ."