ಒಡಪಿನ ಕೀಲಿ

ನಮ್ಮ ಮನೆಯವರು ತೀರಿಕೊಂಡ ಮೇಲೂ ಅವರ ಕಂಪ್ಯೂಟರಿಗೆ ಸೋಮವಾರ ವಿಭೂತಿ ಹಚ್ಚುವುದನ್ನು ನಾನು ಬಿಟ್ಟಿಲ್ಲ. ದೇವರ ಜಗಲಿ ಮೇಲಿನ ಪೂಜೆ ಮುಗಿಸಿ ಅದೇ ಬಟ್ಟಲು ಹಿಡಿದು ಪಡಸಾಲೆಗೆ ಬಂದು, ಆ ಹಳೇ ಡಬ್ಬಿಯ ಹಣೆಗೆ ಬೆರಳು ಎಳೆಯುತ್ತೇನೆ. ಮೊದಮೊದಲು ಹಸಿ ವಿಭೂತಿ ದಪ್ಪಗೆ ಬಳಿಯುತ್ತಿದ್ದೆ. ಅದು ಒಣಗಿ ಉದುರಿ ಒಳಗಿನ ಫ್ಯಾನಿಗೆ ಹೋಗುತ್ತದೆಂದು ಅವರೇ ಇದ್ದಾಗ ಒಂದು ದಿನ ಹೇಳಿದ್ದರು. "ದೇವ್ರಿಗೆ ಹಚ್ಚಿದಂಗ ಹಚ್ಚಬ್ಯಾಡ. ಕೂಸಿಗೆ ದೃಷ್ಟಿಬೊಟ್ಟು ಇಟ್ಟಂಗ ಸಣ್ಣದು ಇಡು."

ಬನಹಟ್ಟಿಯ ನಮ್ಮ ಓಣಿಯಲ್ಲಿ ಪಾವರ್‌ಲೂಮ್ ಇಲ್ಲದ ಮನೆಯಿಲ್ಲ. ಅವರು ನೇಯುವುದಕ್ಕಿಂತ ಸೀರೆಯ ದಡಿ ಬರೆಯುವುದರಲ್ಲಿ ಹೆಸರಾದವರು. ದಡಿ ಅಂದರೆ ಅಂಚು. ಅದನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತುಂಬಿ ಕೊಟ್ಟರೆ, ಕಾರ್ಡು ಹೊಡೆಯುವವರು ಅದರ ಲೆಕ್ಕಕ್ಕೆ ರಟ್ಟಿನಲ್ಲಿ ತೂತು ಹಾಕುತ್ತಾರೆ, ಆ ರಟ್ಟು ಮಗ್ಗಕ್ಕೆ ಏರುತ್ತದೆ. ಅವರು ಬರೆಯುವ ಸಾಫ್ಟ್‌ವೇರ್ ಹಳೇ ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ನಡೆಯುತ್ತಿತ್ತು. ಹೊಸ ಕಂಪ್ಯೂಟರಿಗೆ ಹಾಕಿದರೆ ಅದು ಕಣ್ಣೇ ತೆರೆಯಲಿಲ್ಲ. ಹಾಗಾಗಿ ಹಳೆಯದನ್ನೇ ಸಾಕಿದರು. ಸಾಕಿದರು ಅನ್ನುವುದೇ ಸರಿ.

ಮಗ್ಗದ ಮನೆ ಅಂದಮೇಲೆ ನೂಲಿನ ಪುಕ್ಕ ಗಾಳಿಯಲ್ಲೇ ಇರುತ್ತದೆ, ಅನ್ನದ ಮೇಲೂ ಕೂಡುತ್ತದೆ. ಅಮಾವಾಸ್ಯೆಗೊಮ್ಮೆ ಮಗ್ಗ ನಿಲ್ಲಿಸಿದಾಗ ಅವರು ಡಬ್ಬಿಯ ಬದಿ ಬಿಚ್ಚಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು ಪುಕ್ಕ ಹಾರಿಸುತ್ತಿದ್ದರು. ಚಾಲೂ ಮಾಡಿದಾಗ ಪೀಂ ಪೀಂ ಅಂದರೆ ಒಳಗಿನ ಮೆಮೊರಿ ಪಟ್ಟಿ ಕಿತ್ತು, ಅದರ ಬಂಗಾರದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಮತ್ತೆ ಕೂಡಿಸುತ್ತಿದ್ದರು. ನಾನು ಬ್ಯಾಟರಿ ಹಿಡಿದು ಬೆಳಕು ತೋರಿಸುತ್ತ ನಿಂತು ನಿಂತೇ ಇಷ್ಟೆಲ್ಲ ಕಲಿತೆ. ಅವರು ಹೋಗಿ ಎರಡು ಶ್ರಾವಣ ಕಳೆದರೂ ಆ ಮಷೀನು ನಡೆಯುತ್ತಿದ್ದದ್ದು ಆ ರಬ್ಬರಿನಿಂದ, ಶಿವನ ದಯದಿಂದ. ನೆರೆಯವರು ಹಳೇ ದಡಿ ಕೇಳಿಕೊಂಡು ಬಂದರೆ ತೆಗೆದು ಕೊಡುತ್ತಿದ್ದೆ.

ಒಂದು ದಡಿ ಮಾತ್ರ ನನಗೆ ಸಿಗುತ್ತಿರಲಿಲ್ಲ. ನನಗೆ ಬೇಕಾಗಿದ್ದೂ ಅದೊಂದೇ.

ನನ್ನ ತವರು ಬೀಳಗಿ ಕಡೆಯ ಹಳ್ಳಿ. ಆಣೆಕಟ್ಟಿನ ಹಿನ್ನೀರು ಬಂದಾಗ ಊರಿಗೆ ಊರೇ ಎದ್ದು ಹೋಯಿತು. ನಮ್ಮ ಮನೆಯ ಬಾಗಿಲ ಚೌಕಟ್ಟಿಗೆ ಒಂದು ಬಳ್ಳಿ ಕೆತ್ತಿದ್ದರು, ಕೆಳಗಿನಿಂದ ಹತ್ತಿ ಮೇಲೆ ಹೋಗಿ ಕೂಡುವ ಬಳ್ಳಿ. ಚೌಕಟ್ಟು ಕಿತ್ತು ತರಬೇಕೆಂದು ಅಪ್ಪ ಅಂದುಕೊಂಡದ್ದಷ್ಟೇ. ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಒಂದು ಫೋಟೊ ಕೂಡ ಇಲ್ಲ. ನಮ್ಮ ಮನೆಯವರು ಆ ಬಳ್ಳಿಯನ್ನು ನೆನಪಿನಿಂದ ದಡಿಯಲ್ಲಿ ಇಳಿಸುತ್ತಿದ್ದರು. "ನಿನ್ನ ತವರ ಬಾಗಲಾ ನಿನ್ನ ಉಡಿಗೇ ತಂದ ಹಾಕತೇನಿ ತಡಿ" ಅನ್ನುತ್ತಿದ್ದರು. ಮುಗಿಯುವವರೆಗೆ ನನಗೆ ತೋರಿಸಲಿಲ್ಲ. ಮುಗಿಯಿತೋ ಇಲ್ಲವೋ ಅದೂ ನನಗೆ ಗೊತ್ತಾಗಲಿಲ್ಲ. ಒಂದು ಮುಂಜಾನೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಹಿಂದೆ ಯಾರೋ ಅವರ ಒಂದು ದಡಿ ಕದ್ದು ನೇಯ್ದದ್ದಕ್ಕೆ ಅವರು ಹೊಸದನ್ನೆಲ್ಲ ತಮ್ಮ ಹೆಸರಿನ ಖಾತೆಯಲ್ಲಿಟ್ಟು ಪಾಸ್‌ವರ್ಡ್ ಹಾಕಿದ್ದರು. ನನಗೆ ಬೇರೆ ಖಾತೆ ಮಾಡಿಕೊಟ್ಟಿದ್ದರು. ಅಲ್ಲಿಂದ ಹುಡುಕಿದರೆ ಆ ಫೈಲಿನ ಹೆಸರು ಕಾಣುತ್ತಿತ್ತು, ಉಳಿದವು ಕಪ್ಪಾಗಿದ್ದರೆ ಅದೊಂದು ಹಸಿರು ಅಕ್ಷರದಲ್ಲಿ. 'ಬಾಗಲಾ'. ಅವರು ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಬಾಯಲ್ಲಿ ಆಡಿದಂತೆಯೇ ಬರೆಯುತ್ತಿದ್ದರು. ಮನೆ ಅಲ್ಲ, ಮನಿ. ಶಾಲೆ ಅಲ್ಲ, ಸಾಲಿ. ಆ ಫೈಲು ಒತ್ತಿದರೆ ತೆರೆಯುತ್ತಿರಲಿಲ್ಲ. ಅವರ ಖಾತೆಯ ಪಾಸ್‌ವರ್ಡಿಗೆ ತೋಚಿದ್ದೆಲ್ಲ ಹಾಕಿ ನೋಡಿ ಸುಮ್ಮನಾಗಿದ್ದೆ, ಮಷೀನು ಎಲ್ಲಿಗೆ ಹೋಗುತ್ತದೆ, ಒಂದು ದಿನ ಸಿಕ್ಕೀತು ಎಂದು.

ಈ ಸಲದ ಬೇಸಿಗೆಯಲ್ಲಿ ಡಬ್ಬಿಯೊಳಗಿಂದ ಟಿಕ್ ಟಿಕ್ ಎಂದು ಶುರುವಾಯಿತು. ಪಂಪು ಹೊಡೆದೆ, ರಬ್ಬರ್ ತಿಕ್ಕಿದೆ, ನಿಲ್ಲಲಿಲ್ಲ. ಡಬ್ಬಿಯನ್ನು ಹಳೇ ಸೀರೆಯಲ್ಲಿ ಸುತ್ತಿ ತೊಡೆ ಮೇಲಿಟ್ಟುಕೊಂಡು ಜಮಖಂಡಿ ಬಸ್ಸು ಹತ್ತಿದೆ. ಕಂಡಕ್ಟರ್ ಸೀರೆ ಗಂಟು ನೋಡಿ, ಕೂಸಿಗೆ ಅರ್ಧ ಟಿಕೇಟು ಆಗತೈತ್ರಿ ಎಂದು ನಕ್ಕ. ನನಗೂ ನಗು ಬಂತು. ಅಷ್ಟು ಹೊತ್ತಿನ ಹೆದರಿಕೆಯಲ್ಲಿ ಅದೊಂದು ಉಪಕಾರವೇ.

ರಿಪೇರಿ ಅಂಗಡಿಯವರು ಡಬ್ಬಿಗೆ ಕಿವಿ ಹಚ್ಚಿ ಕೇಳಿದರು. ಎಲ್ಲವೂ ಉಳಿದಿರುವ ಹಾರ್ಡ್ ಡಿಸ್ಕು ಸವೆದಿದೆ, ಇನ್ನೂ ಕೆಲವು ಸಲ ಚಾಲೂ ಆದರೆ ಪುಣ್ಯ ಅಂದರು. ಪಾಸ್‌ವರ್ಡ್ ಕಿತ್ತು ಹಾಕಲು ಬರುವುದಿಲ್ಲವೇ ಎಂದು ಕೇಳಿದೆ.

"ಬರತೈತ್ರಿ ಅಕ್ಕಾರ. ಆದರ ಈ ಹಸರ ಅಕ್ಷರದ್ದು ಆ ಪಾಸ್‌ವರ್ಡಿಗೇ ಗಂಟ ಹಾಕಿ ಇಟ್ಟಾರ. ಕೀಲಿ ಮುರದರ ಒಳಗಿಂದು ಉಳಿಯಂಗಿಲ್ಲ. ಡಿಸ್ಕ್ ಬಿಚ್ಚಿ ಬ್ಯಾರೇದಕ್ಕ ಹಾಕಿದ್ರೂ ಅಷ್ಟ."

ಆಮೇಲೆ ಅವರು ಪರದೆಯಲ್ಲಿ ನಮ್ಮ ಮನೆಯವರ ಹೆಸರಿನ ಪಕ್ಕದಲ್ಲಿದ್ದ ಒಂದು ಪ್ರಶ್ನೆ ಚಿಹ್ನೆ ಒತ್ತಿದರು. ಇಷ್ಟು ದಿನ ಅದು ಇಂಗ್ಲಿಷಿನ ಯಾವುದೋ ಉಪದೇಶ ಎಂದು ನಾನು ಮುಟ್ಟಿರಲೇ ಇಲ್ಲ. ಮರೆತರೆ ನೆನಪಿಗೆ ಬರಲಿ ಎಂದು ಹಾಕಿಟ್ಟವರೇ ಬರೆದುಕೊಳ್ಳುವ ಸುಳಿವು ಅದು. ಹಳದಿ ಗುಳ್ಳೆಯೊಂದು ಎದ್ದು ಬಂತು. ಅದರಲ್ಲಿ ಒಂದೇ ಮಾತು. ಒಡಪು.

ನಮ್ಮಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರು ಸುಮ್ಮನೆ ಆಡುವುದಿಲ್ಲ. ಮದುವೆ, ಉಡಿ ತುಂಬುವುದು, ಇಂಥ ದಿನ ಹೆಂಗಸರೆಲ್ಲ ಸುತ್ತ ನಿಂತು ಹಟ ಮಾಡಿದರೆ, ಪ್ರಾಸ ಕಟ್ಟಿದ ಎರಡು ಸಾಲಿನಲ್ಲಿ ಆ ಹೆಸರನ್ನು ಹುದುಗಿಸಿ ಹೇಳಿಬಿಡಬೇಕು. ಅದೇ ಒಡಪು. ಅಂಗಡಿಯವರಿಗೂ ಇದು ಗೊತ್ತಿತ್ತು. ಹಾಗಾದರೆ ಯಜಮಾನರ ಹೆಸರೇ ಇರಬೇಕು, ಹೇಳ್ರಿ ಅಂದರು. ನಾನು ನೆಲ ನೋಡಿದೆ. ಅವರು ಹೋದ ಮೇಲೂ ಆ ಹೆಸರು ನನ್ನ ನಾಲಗೆಗೆ ಬಂದಿಲ್ಲ. ಅಂಗಡಿಯವರು ಒತ್ತಾಯ ಮಾಡಲಿಲ್ಲ. ನನ್ನ ಚೀಲದಲ್ಲಿದ್ದ ರೇಷನ್ ಕಾರ್ಡು ಇಸಿದುಕೊಂಡು, ನೋಡಿ, ಬೇರೆ ಬೇರೆ ರೀತಿ ಒತ್ತಿದರು. ಯಾವುದಕ್ಕೂ ತೆರೆಯಲಿಲ್ಲ. ಟಿಕ್ ಟಿಕ್ ಜೋರಾಯಿತು. ಬಂದ್ ಮಾಡಿ, ಯಾವ ಹೆಸರೆಂದು ಖಾತ್ರಿ ಮಾಡಿಕೊಂಡು ಆಮೇಲೆ ಚಾಲೂ ಮಾಡ್ರಿ ಎಂದು ಒಂದು ಪೆನ್‌ಡ್ರೈವ್ ಕೈಗಿತ್ತರು. ತೆರೆದ ಕೂಡಲೇ ಅದಕ್ಕೆ ಇಳಿಸಿಕೊಂಡರೆ ಗಂಟು ತಾನೇ ಬಿಚ್ಚಿಕೊಳ್ಳುತ್ತದೆ ಅಂದರು.

ಮನೆಗೆ ಬಂದಾಗ ಅತ್ತಿ, ನಮ್ಮ ಮನೆಯವರ ತಾಯಿ, ಪಡಸಾಲೆಯಲ್ಲಿ ಕೂತು ನೂಲು ಸುತ್ತಿದ ಕಂಡಿಕೆ ಆರಿಸುತ್ತಿದ್ದರು. ನಡೆದದ್ದು ಹೇಳಿದೆ. ಪೂರಾ ಕೇಳಿ, ನನ್ನ ಮುಖ ನೋಡಿ ನಗಲಿಕ್ಕೆ ಶುರು ಮಾಡಿದರು.

"ಒಡಪು ಅಂದ್ರ ಹೆಂಗಸ್ರದ್ದಷ್ಟ ಏನ ಬೇ? ಅಂವಗೂ ಹಾಕಸಿದ್ದಿವಲಾ ಈ ಹೊಸ್ತಲದಾಗ. ನಿನಗ ಹೊಸಾ ಹೆಸರ ಇಟ್ಟು ಒಂದ ತಾಸ ಆಗಿದ್ದಿಲ್ಲ. ನನ್ನ ಮಗಾ ಹಳೇ ಹೆಸರ ಒದರಿ ಓಣಿ ಮಂದಿನ್ನೆಲ್ಲಾ ನಗಿಸಿದ."

ನಾನು ಮರೆತಿದ್ದೆ. ಖರೆ ಹೇಳಬೇಕೆಂದರೆ ಆ ಹೆಸರನ್ನೇ ಮರೆತಿದ್ದೆ. ಮದುವೆಯಲ್ಲಿ ಈ ಮನೆಯವರು ಇಟ್ಟ ಹೆಸರಿನಿಂದಲೇ ಎಲ್ಲರೂ ಕರೆಯುತ್ತಾರೆ, ರೇಷನ್ ಕಾರ್ಡಿನಲ್ಲೂ ಅದೇ. ಹಳೆಯ ಹೆಸರು ತವರಿನ ಜೊತೆಗೇ ನೀರಿಗೆ ಹೋಗಿತ್ತು. ಹೊಸ್ತಿಲಲ್ಲಿ ಅವರು ಕಿವಿ ಕೆಂಪಗೆ ಮಾಡಿಕೊಂಡು ನಿಂತದ್ದು, ಪ್ರಾಸ ಹೊಸ ಹೆಸರಿಗೆ ಕೂಡದೆ ಹಳೆಯದಕ್ಕೇ ಜಾರಿದ್ದು, ಅತ್ತಿ ಹೇಳಿದ ಮೇಲೆ ಒಂದೊಂದೇ ಕಣ್ಣಿಗೆ ಬಂತು.

ಮರುದಿನ ಪೂಜೆ ಮುಗಿಸಿ ಡಬ್ಬಿಗೆ ಸಣ್ಣ ಬೊಟ್ಟಿಟ್ಟು ಗುಂಡಿ ಒತ್ತಿದೆ. ಟಿಕ್ ಟಿಕ್ ಅನ್ನುತ್ತಲೇ ಅವರ ಹೆಸರಿನ ಚಿತ್ರ ಬಂತು. ನನ್ನ ಹಳೇ ಹೆಸರನ್ನು ಶಾಲೆಯ ಹಾಜರಿಯಲ್ಲಿ ಇದ್ದ ಹಾಗೆ ಒತ್ತಿದೆ. ತೆರೆಯಲಿಲ್ಲ. ಆಗ ಬಾಯಿಮಾತಿನಂತೆ ಬರೆದ ಆ ಹಸಿರು ಅಕ್ಷರ ನೆನಪಾಯಿತು. ಅವರಿಗೆ ಹಾಜರಿಯ ಹೆಸರು ಎಲ್ಲಿ ಗೊತ್ತು? ಕನ್ಯೆ ನೋಡಲು ಬಂದ ದಿನ ನನ್ನವ್ವ ಹಿತ್ತಲಿನಿಂದ ಕೂಗಿದ್ದನ್ನು ಕೇಳಿದವರು ಅವರು. ಅವ್ವ ಕರೆಯುತ್ತಿದ್ದಂತೆ, ಕೊನೆಯ ಎಕಾರವನ್ನು ಇಕಾರ ಮಾಡಿ ಒತ್ತಿದೆ.

ಖಾತೆ ತೆರೆದುಕೊಂಡು ವಿಂಡೋಸಿನ ಆ ಹಳೇ ರಾಗ ಬಾರಿಸಿತು. ನನಗಿಂತ ಮೊದಲು ಅತ್ತಿ ಕಣ್ಣು ಒರೆಸಿಕೊಂಡರು.

ಮೊದಲು ಪೆನ್‌ಡ್ರೈವಿಗೆ ಇಳಿಸಿದೆ, ಆಮೇಲೆ ನೋಡಿದೆ. ಬಳ್ಳಿ ಪೂರ್ತಿಯಾಗಿತ್ತು. ಕೆಳಗೆ ಎಡಗಡೆ ಒಂದು ಎಲೆ ಅರ್ಧ ಮಾತ್ರ. ಅಪ್ಪನ ಚಕ್ಕಡಿಯ ಮುಂದಿನ ಮೂಕಿಮರ ಬಡಿದು ಚೌಕಟ್ಟಿನ ಆ ಎಲೆ ಅರ್ಧ ಚಿಪ್ಪೆದ್ದು ಹೋಗಿತ್ತು. ಎರಡೋ ಮೂರೋ ಸಲ ನಮ್ಮೂರಿಗೆ ಬಂದ ಅಳಿಯ ಅದನ್ನೂ ನೋಡಿಟ್ಟುಕೊಂಡಿದ್ದ.

ಕಾರ್ಡು ಹೊಡೆಯುವವರು ಅದನ್ನು ತಪ್ಪು ಎಂದುಕೊಂಡು, ಒಂದು ಎಲಿ ಅರ್ಧಕ್ಕ ನಿಂತೈತ್ರಿ, ತಿದ್ದಲೇನ್ರಿ ಎಂದು ಫೋನ್ ಮಾಡಿ ಕೇಳಿದರು.

"ಬ್ಯಾಡ್ರಿ," ಅಂದೆ. "ಬಾಗಲಾ ಹಂಗ ಇತ್ತರಿ."

ಹಾಗಾಗಿ ನನ್ನ ಸೀರೆಯ ದಡಿಯ ಉದ್ದಕ್ಕೂ ಪ್ರತಿ ಬಳ್ಳಿಯಲ್ಲಿ ಒಂದು ಅರ್ಧ ಎಲೆ ಇದೆ. ಉಟ್ಟು ನಡೆದರೆ ತವರಿನ ಹೊಸ್ತಿಲು ಕಾಲಿಗೆ ತಾಕಿದಂತಾಗುತ್ತದೆ. ದಾಟಿ ಒಳಗೆ ಹೋಗಲು ಬರುವುದಿಲ್ಲ, ಅಷ್ಟೇ.

ಇನ್ನು ಆ ಡಬ್ಬಿಯ ಕೆಲಸ ಮುಗಿಯಿತು, ತೆಗೆದುಬಿಡ್ರಿ ಎಂದು ಅಂಗಡಿಯವರು ಹೇಳಿದ್ದಾರೆ. ತೆಗೆದಿಲ್ಲ. ಸೋಮವಾರ ಬೊಟ್ಟಿಟ್ಟು ಚಾಲೂ ಮಾಡುತ್ತೇನೆ, ನನ್ನ ಹಳೇ ಹೆಸರು ಒತ್ತುತ್ತೇನೆ. ಪರದೆಯ ಮೇಲೆ ಅಕ್ಷರ ಮೂಡುವುದಿಲ್ಲ, ಸಾಲಾಗಿ ಕರಿ ಚುಕ್ಕಿ ಮಾತ್ರ. ನಾನು ಅವರ ಹೆಸರು ಆಡುವುದಿಲ್ಲ, ಅದು ನನ್ನದನ್ನು ಆಡುವುದಿಲ್ಲ. ಆದರೂ ಈ ಭೂಮಿಯ ಮೇಲೆ ನನ್ನ ಆ ಹೆಸರಿಗೆ ಓಗೊಡುವುದು ಅದೊಂದೇ ಉಳಿದಿದೆ. ಟಿಕ್ ಟಿಕ್ ಕೇಳುತ್ತ ಕೈಮುಗಿದು ಕೂತಿರುತ್ತೇನೆ.

ಒಳಗಿನಿಂದ ಅತ್ತಿ ಕೇಳುತ್ತಾರೆ, "ಬಂತೇನ ಬೇ, ರಾಗ?"

ಶಿವನ ದಯಾ, ಈ ಸೋಮವಾರವೂ ಬಂತು.