ಟಾಂಗಾ ಹೋದ ದಾರಿ

2023ರಲ್ಲಿ ನಾನು ಮೇಟಗಳ್ಳಿಯ ಒಂದು ಖಾಸಗಿ ಗ್ಯಾಲರಿಯಲ್ಲಿ ತಾಂತ್ರಿಕ ಮೇಲ್ವಿಚಾರಕಿಯಾಗಿದ್ದೆ. ಪಾಲಿಟೆಕ್ನಿಕ್‌ನಿಂದ ನಿವೃತ್ತಳಾದ ಮೇಲೆ ಸಿಕ್ಕ ಕೆಲಸ. ಮುಚ್ಚಿದ ಕಾರ್ಖಾನೆಯ ಶೆಡ್ಡಿನಲ್ಲಿ ಎಂಬತ್ತರ ದಶಕದ ಹೋಮ್ ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿದ್ದರು. ಟಿ.ವಿ.ಗೆ ತಗುಲಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬಿಸುವ ಕಾಲದ ಯಂತ್ರಗಳು. ಅವು ಕೆಡುವುದು, ನಾನು ಬೈದುಕೊಂಡು ರಿಪೇರಿ ಮಾಡುವುದು, ಇಷ್ಟೇ ನನ್ನ ದಿನಚರಿ. ಮಾಲೀಕ ಕಿರಣ್‌ಗೆ ಯಂತ್ರಗಳ ತಲೆಬುಡ ತಿಳಿಯದು. ಅವುಗಳ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುವವರ ಮನಸ್ಸು ಮಾತ್ರ ಚೆನ್ನಾಗಿ ತಿಳಿದಿತ್ತು.

ಗ್ಯಾಲರಿಯ ವಾರ್ಷಿಕೋತ್ಸವದಲ್ಲಿ ಜನರೆದುರು ಪ್ರೋಗ್ರಾಂ ಬರೆದು ತೋರಿಸಲೆಂದು ಅವನು ನನ್ನ ಗುರು ನಾಗಭೂಷಣ ಸಾರ್ ಅವರನ್ನು ಕರೆಸಿದ. ಜಯಲಕ್ಷ್ಮಿಪುರಂನ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದೇ ಒಂದು ಕಂಪ್ಯೂಟರ್ ಇಟ್ಟುಕೊಂಡು ನಮಗೆಲ್ಲ ಪ್ರೋಗ್ರಾಮಿಂಗ್ ಕಲಿಸಿದವರು. ಬಾಯಿ ಬಹಳ ಕೆಟ್ಟದ್ದು. ಅವರ ಹೆಸರು ನಿಂತದ್ದು ಒಂದು ವಿದ್ಯೆಯಿಂದ: ತುಂಬಿದ ಚಿತ್ರದ ಮೇಲೆ, ಒಂದು ಚೂರೂ ಮಿನುಗದಂತೆ, ಬೊಂಬೆ ಓಡಿಸುವುದು.

ಅದೇನು ದೊಡ್ಡ ವಿದ್ಯೆ ಎಂದು ಈಗಿನವರು ಕೇಳಬಹುದು. ಆ ಯಂತ್ರದ ಪರದೆಗೆ ಇದ್ದದ್ದು ಒಂದೇ ಪದರ. ಚಲಿಸುವ ಬೊಂಬೆಗೆ ಸ್ಪ್ರೈಟ್ ಎನ್ನುತ್ತೇವೆ. ಅದನ್ನು ಹಿನ್ನೆಲೆಯ ಮೇಲೆ ಬರೆದ ತಕ್ಷಣ ಕೆಳಗಿದ್ದ ಚಿತ್ರ ಅಳಿಸಿಹೋಗುತ್ತದೆ. ಆದ್ದರಿಂದ ಸ್ಪ್ರೈಟ್ ಇಡುವ ಮೊದಲು ಅಲ್ಲಿನ ಚಿತ್ರದ ತುಂಡನ್ನು ಮೆಮೊರಿಯಲ್ಲಿ ಎತ್ತಿಡಬೇಕು. ಸ್ಪ್ರೈಟ್ ಮುಂದೆ ಸರಿದಾಗ ಆ ತುಂಡನ್ನು ಮತ್ತೆ ಅಲ್ಲೇ ತಂದು ಕೂಡಿಸಬೇಕು. ಇಷ್ಟನ್ನೂ ಕಣ್ಣಿಗೆ ಗೊತ್ತಾಗದ ವೇಗದಲ್ಲಿ ಮಾಡಬೇಕು.

ಅವರ ಮನೆಯಲ್ಲಿ ತಾಲೀಮು ನಡೆದ ದಿನ ಸಾರ್ ಎಲ್ಲವನ್ನೂ ನೋಡನೋಡುತ್ತಿದ್ದಂತೆ ಬರೆದು ಮುಗಿಸಿದರು. ಮರಗಳು, ದೀಪದ ಕಂಬಗಳಿದ್ದ ಬೀದಿಯ ಚಿತ್ರದ ಮೇಲೆ ಒಂದು ಟಾಂಗಾ ನೀರಿನಂತೆ ಹರಿದುಹೋಯಿತು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಆಗ ಅವರ ಹೆಂಡತಿ ಸರೋಜಮ್ಮ ನನ್ನನ್ನು ಅಡುಗೆಮನೆಗೆ ಕರೆದರು.

"ದಿನಾ ಹೀಗಿರಲ್ಲ ಕಣಮ್ಮ. ಮರೆವಿನ ಕಾಯಿಲೆ ಅಂದಿದಾರೆ ಡಾಕ್ಟ್ರು. ಮೊನ್ನೆ ನನ್ನನ್ನೇ ಯಾರು ಅಂತ ಕೇಳ್ಬುಟ್ರು. ಇದೆಲ್ಲಾ ಬೇಡ ಅಂತ ಹೇಳ್ಬುಡು."

ಕಿರಣ್‌ಗೆ ಹೇಳಿದೆ. ತಾಲೀಮಿನಲ್ಲಿ ಬರೆದ ಪ್ರೋಗ್ರಾಂ ನನ್ನ ಹತ್ತಿರ ಇದೆ, ಅದನ್ನೇ ಓಡಿಸೋಣ, ಸಾರ್ ಪಕ್ಕದಲ್ಲಿ ಕುಳಿತು ಮಾತಾಡಲಿ ಎಂದೆ.

"ಲೈವ್ ಅಂತ ಪೋಸ್ಟರ್ ಹಾಕಿದೀವಿ ಮೇಡಂ. ಜನ ಬರೋದು ಅವ್ರನ್ನ ನೋಡೋಕೆ. ಚೂರು ಹೆಚ್ಚುಕಮ್ಮಿ ಆದ್ರೆ ಇನ್ನೂ ಒಳ್ಳೇದೇ, ವೀಡಿಯೊ ಓಡುತ್ತೆ," ಎಂದ. ನಗುತ್ತಲೇ ಹೇಳಿದ, ಪಾಪಿ.

ಸಾರ್ ಅವರನ್ನೇ ತಡೆಯಲು ಹೋದೆ. ಆ ವೇಳೆಗೆ ಅವರು ಹೊಸ ಷರ್ಟು ಇಸ್ತ್ರಿ ಮಾಡಿಸಿ ಇಟ್ಟುಕೊಂಡಿದ್ದರು.

ಕಾರ್ಯಕ್ರಮದ ದಿನ ಶೆಡ್ಡು ಭರ್ತಿ. ಹಿನ್ನೆಲೆ ಮತ್ತು ಟಾಂಗಾದ ಚಿತ್ರವನ್ನು ನಾನು ಮೊದಲೇ ತುಂಬಿಸಿಟ್ಟಿದ್ದೆ. ಓಡಿಸುವ ಭಾಗವನ್ನಷ್ಟೇ ಸಾರ್ ಜನರೆದುರು ಬರೆಯಬೇಕಿತ್ತು. ಬೆರಳುಗಳು ಕೀಲಿಗಳ ಮೇಲೆ ಚೆನ್ನಾಗಿಯೇ ಓಡುತ್ತಿದ್ದವು. ನಡುವೆ ಎರಡು ಕಡೆ ತಪ್ಪಿದ್ದು ನನಗೆ ಕಾಣಿಸಿತು. ಹಿನ್ನೆಲೆಯನ್ನು ಎತ್ತಿಡುವ ಸಾಲುಗಳೂ ಬರಲಿಲ್ಲ, ಮರಳಿ ಕೂಡಿಸುವ ಸಾಲುಗಳೂ ಬರಲಿಲ್ಲ. ಬಗ್ಗಿ ಅವರ ಕಿವಿಯಲ್ಲಿ ಹೇಳಿದೆ.

"ನಂಗೇ ಹೇಳ್ಕೊಡ್ತೀಯೇನೇ? ಸುಮ್ನೆ ಕೂತ್ಕೋ ಹೋಗು," ಎಂದು ಗದರಿದರು. ಮೈಕ್ ಹತ್ತಿರವಿತ್ತು. ಜನ ನಕ್ಕರು.

ಟಾಂಗಾ ಹೊರಟಿತು. ಒಂದಿಷ್ಟೂ ಮಿನುಗಲಿಲ್ಲ. ಆದರೆ ಅದು ಹೋದ ದಾರಿಯುದ್ದಕ್ಕೂ ಕಂಬಗಳಿಲ್ಲ, ಮರಗಳಿಲ್ಲ, ಬೀದಿಯೇ ಇಲ್ಲ. ಹಿಂದೆ ಬರೀ ಕಪ್ಪು ಪಟ್ಟಿ. ಎಲ್ಲರ ಫೋನುಗಳೂ ಮೇಲೆದ್ದವು.

"ಸಾರ್ ಟಾಂಗಾ ಅಂದ್ಕೊಂಡು ಬುಲ್ಡೋಜರ್ ಓಡಿಸ್ಬುಟ್ರು!" ಎಂದು ಕಿರಣ್ ಮೈಕಿನಲ್ಲಿ ಕೂಗಿದ. ಶೆಡ್ಡಿನ ತಗಡು ಹಾರುವಂತೆ ನಗು. ಸಾರ್ ಎದ್ದು ನಿಂತು, ಮುಖ ತುಂಬ ಸಂತೋಷದಿಂದ, ಜನರಿಗೆ ಕೈಮುಗಿದರು. ಅಲ್ಲಿದ್ದವರ ಪೈಕಿ ಒಬ್ಬರಿಗಾದರೂ ಆ ಕೈಗಳನ್ನು ನೋಡಿ ನಗು ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಕಾರಿನಲ್ಲಿ ಮನೆಗೆ ಹೋಗುವಾಗ ಅವರು ನನ್ನತ್ತ ತಿರುಗಿದರು. "ಚೆನ್ನಾಗಿ ಬಂತಲ್ವೇನಮ್ಮಾ?"

ಸರೋಜಮ್ಮ ಬೇಡವೆಂದು ಕಣ್ಸನ್ನೆ ಮಾಡಿದರು. ನನಗೆ ಕೆಲಸದ ವಿಷಯದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಇಲ್ಲ ಸಾರ್. ಹಿನ್ನೆಲೆ ಎತ್ತಿಡಲಿಲ್ಲ ನೀವು. ಎಲ್ಲಾ ಅಳಿಸಿಹೋಯ್ತು," ಎಂದೆ.

ಅವರಿಗೆ ಪೂರ್ತಿ ಅರ್ಥವಾಯಿತು. ಮೆಲ್ಲಗೆ ಕೇಳಿದರು: "ಅದಕ್ಕೇ ನಕ್ಕಿದ್ದಾ ಅವ್ರೆಲ್ಲಾ?"

"ಹೌದು ಸಾರ್."

ಮನೆ ಬಂದರೂ ಕಾರಿನಿಂದ ಇಳಿಯದೆ ಮಗುವಿನ ಹಾಗೆ ಅತ್ತರು. ಸರೋಜಮ್ಮ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, "ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದರು.

ಮರುದಿನವೇ ಕಿರಣ್‌ಗೆ ಬೀಗದ ಕೈ ಕೊಟ್ಟು ಕೆಲಸ ಬಿಟ್ಟೆ. ಅವನು ಹೇಳಿದಂತೆ ವೀಡಿಯೊ ಓಡಿತು.

ಭಾನುವಾರ ಸಾರ್ ಮನೆಗೆ ಹೋದೆ. ಗಡ್ಡ ಬೋಳಿಸಿಕೊಂಡು ಗೆಲುವಾಗಿ ಕುಳಿತಿದ್ದರು. ಅಳು, ಕಾರು ಯಾವುದೂ ನೆನಪಿರಲಿಲ್ಲ. ಕಾರ್ಯಕ್ರಮ ಮಾತ್ರ ನೆನಪಿತ್ತು. "ಚೆನ್ನಾಗಿ ಬಂತಲ್ವೇನಮ್ಮಾ?" ಎಂದರು.

ಈ ಸಲ ನಾನು ಬುದ್ಧಿ ಕಲಿತಿದ್ದೆ. "ತುಂಬಾ ಚೆನ್ನಾಗಿ ಬಂತು ಸಾರ್," ಎಂದೆ.

ಅವರು ನನ್ನ ಮುಖವನ್ನು ನೋಡುತ್ತಲೇ ಇದ್ದರು. "ಸುಳ್ಳು. ಏನೋ ಕೆಟ್ಟೋಗಿದೆ. ಎಲ್ಲಿ ಅಂತ ಹೇಳು."

ಅವರು ಬಿಡಲಿಲ್ಲ. ಹೇಳಿದೆ. ಮತ್ತೆ, ಮೊದಲ ಸಲ ಎಂಬಂತೆ, "ಅದಕ್ಕೇ ನಕ್ಕಿದ್ದಾ ಅವ್ರೆಲ್ಲಾ?"

ತಪ್ಪನ್ನು ತೋರಿಸುವುದು ಪುಣ್ಯದ ಕೆಲಸವೆಂದು ಜೀವನಪೂರ್ತಿ ನಂಬಿದ್ದೆ. ಆ ಭಾನುವಾರ ಕೊನೆಗೆ ನನಗೆ ಕಲಿಸಿದ್ದು ಬೇರೆ: ತಿದ್ದಿಕೊಳ್ಳುವ ಶಕ್ತಿ ಇರುವವರಿಗಷ್ಟೇ ಅದು ಪಾಠ. ಇಲ್ಲದವರಿಗೆ ಅದು ಬರೀ ಹೊಡೆತ. ಇದು ಗೊತ್ತಿದ್ದೂ ಮುಂದಿನ ಭಾನುವಾರ ಹೋದೆ, ನನ್ನನ್ನು ಬಿಟ್ಟರೆ ಆ ಮನೆಗೆ ಬರುವವರು ಬೇರೆ ಯಾರೂ ಇರಲಿಲ್ಲ. ಬಾಗಿಲಲ್ಲೇ ಅದನ್ನೇ ಕೇಳಿದರು. ಸುಳ್ಳು ನಡೆಯದು, ನಿಜವನ್ನೇ ಹೇಳಿದೆ.