ಇರಾನಿಯ ಕರೆಂಟ್ ಅಕೌಂಟ್

ಎಪ್ಪತ್ತರ ದಶಕದ ಮೊದಲ ವರ್ಷಗಳು. ಗೋರೆಗಾಂವ್ ಸ್ಟೇಷನ್ ಹತ್ತಿರ ನನ್ನದೊಂದು ಸಣ್ಣ ಹೋಟೆಲ್, ಎದುರಿಗೆ ಒಬ್ಬ ಇರಾನಿಯ ಬೇಕರಿ. ನಾನು ಉಡುಪಿ ಕಡೆಯಿಂದ ಬರುವ ಎಷ್ಟೋ ಮೊದಲೇ ಅವನು ಅಲ್ಲಿ ಪಾವ್ ಸುಡುತ್ತಿದ್ದ. ಪಾಸ್‌ಪೋರ್ಟ್ ಮಾತ್ರ ಇನ್ನೂ ಇರಾನಿನದೇ.

ಕಾಂದಿವಲಿಯ ಕಾರ್ಖಾನೆಯೊಂದರ ಕ್ಯಾಂಟೀನಿಗೆ ದಿನಾ ಪಾವ್ ಕೊಡುವ ಆರ್ಡರ್ ಅವನಿಗೆ ಬಂತು. ಆದರೆ ಅವರು ಕೊಡುವುದು ಬೇಕರಿಯ ಹೆಸರಿಗೆ ಚೆಕ್. ಕರೆಂಟ್ ಅಕೌಂಟ್ ಇಲ್ಲದಿದ್ದರೆ ಆರ್ಡರ್ ಬೇರೆಯವರ ಪಾಲು. ಹೋದ ಬ್ಯಾಂಕುಗಳೆಲ್ಲ ಪರದೇಶದವನೆಂದು ಕೈತೊಳೆದುಕೊಂಡವು. ಕೊನೆಗೆ ನನ್ನ ಬ್ಯಾಂಕಿಗೆ ಕರೆದೊಯ್ದೆ. ಮ್ಯಾನೇಜರು ಮಂಗಳೂರಿನವರು.

"ಪರಿಚಯದ ಸಹಿ ನೀವು ಹಾಕಿ. ಆದ್ರೆ ವ್ಯಾಪಾರ ನಡೀತದಾ ಅಂತ ನಾನೇ ಬಂದು ನೋಡ್ಬೇಕು," ಎಂದರು. ನನ್ನನ್ನೇ ಹೊರಗಿನವನೆಂದು ಗೊಣಗುವ ಊರಿನಲ್ಲಿ ನಾನು ಇನ್ನೊಬ್ಬನಿಗೆ ಜಾಮೀನು!

ಹೇಳಿದ ಸಂಜೆ ಅವರನ್ನು ಕರೆತಂದರೆ, ಹಬ್ಬಕ್ಕೂ ಹರತಾಳಕ್ಕೂ ಮುಚ್ಚದ ಬೇಕರಿಯ ಬಾಗಿಲು ಮುಚ್ಚಿತ್ತು. ತಟ್ಟಿದೆ. ಮಹಾರಾಯ ಕೋಟು ತೊಟ್ಟು ನಿಂತಿದ್ದ. ಮೇಜಿಗೆ ಬಿಳಿ ಬಟ್ಟೆ, ಮೇಲೆ ಗುಲಾಬಿ, ಚಹ. ನಮ್ಮನ್ನು ಒಳಗೆ ಬಿಟ್ಟು ಮತ್ತೆ ಚಿಲಕ ಹಾಕಿದ.

"ಸಾಬ್ ಕೋ ಗಿರಾಕ್ ಕೇ ಬೀಚ್ ಮೇ ಕೈಸೇ ಬಿಠಾವೂಂ?" ಎಂದು ನನ್ನ ಕಿವಿಯಲ್ಲಿ ಹೇಳಿದ. ದೊಡ್ಡವರು ಬಂದಾಗ ಗಿರಾಕಿಗಳ ನಡುವೆ ಕೂರಿಸುವುದು ಅವನಿಗೆ ಅವಮರ್ಯಾದೆ. ನನಗೋ ಮೈಯೆಲ್ಲ ಉರಿದುಹೋಯಿತು.

"ಎಂತ ಮಾರಾಯ್ರೆ, ನಡೆಯುವ ಅಂಗಡಿ ಅಂದ್ರಿ?" ಮ್ಯಾನೇಜರು ಕಾಗದಗಳನ್ನು ಚೀಲಕ್ಕೆ ಸೇರಿಸತೊಡಗಿದರು.

ಅಷ್ಟರಲ್ಲಿ ಯಾರೋ ಬಾಗಿಲು ದಬದಬ ಬಡಿದರು. ಹೊರಗೆ ಹೆಂಗಸರ ಗಲಾಟೆ. ಇರಾನಿ ಕದಲಲಿಲ್ಲ, ಸಾಹೇಬರ ಚಹ ಮುಗಿಯಬೇಕಲ್ಲ! ಕೊನೆಗೆ ಸಾಹೇಬರೇ ಎದ್ದು ಚಿಲಕ ತೆಗೆದರು. ಕೈಚೀಲಗಳು ನುಗ್ಗಿದವು. ಮುದುಕಿಯೊಬ್ಬಳು ಗುಲಾಬಿ ಸರಿಸಿ ತನ್ನ ಚೀಲ ಇಟ್ಟಳು.

"ಆಜ್ ಕಾಯ್ ಝಾಲಂ ತುಲಾ? ಮೇಲಾಸ್ ಕಾ?" ಎಂದು ಅವನಿಗೆ ಸರಿಯಾಗಿ ಮಂಗಳಾರತಿ ಮಾಡಿದಳು. ಸತ್ತಿದ್ದೀಯಾ ಎಂದೇ ಕೇಳಿದ್ದಳು, ಆದರೆ ಅವಳ ಮುಖದಲ್ಲಿ ನಿಜಕ್ಕೂ ಗಾಬರಿಯಿತ್ತು.

ಇರಾನಿ ಕೋಟಿನಲ್ಲೇ ಪಾವ್ ಕಟ್ಟಿಕೊಡಲು ನಿಂತ. ಮ್ಯಾನೇಜರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಾಗದ ಹೊರತೆಗೆದು, "ಹಾಕಿ ಸಹಿ," ಎಂದು ನನ್ನತ್ತ ತಳ್ಳಿ, ತಾವು ಹೋಗಿ ಮುದುಕಿಯ ಹಿಂದೆ ಕ್ಯೂನಲ್ಲಿ ನಿಂತರು.